ಮಗುವಿನ ಪರವಾಗಿ ‘ಹೂಂ’ ಅನ್ನುವವರು

ಅಕ್ಕನ ಮಗಳು ಒಂದನೇ ಕ್ಲಾಸಿಗೆ ಸೇರಿದ ದಿನ ಶಾಲೆಯ ಗೇಟು ಹಿಡಿದುಕೊಂಡು ಅತ್ತಿದ್ದಳು. ಅದು 2017ರ ಜೂನ್. ಬಿ.ಎ. ಓದುತ್ತಿದ್ದ ನನ್ನ ಕೈಗೆ ಆಗಷ್ಟೇ ಹೊಸ ಫೋನು ಬಂದಿತ್ತು. ಸಿಂಬಳ ಸುರಿಸುತ್ತ ಅಳುತ್ತಿದ್ದವಳ ಫೋಟೊ ತೆಗೆದು, ಮೇಲೊಂದು ತಮಾಷೆಯ ಸಾಲು ಬರೆದು ಫೇಸ್‌ಬುಕ್ಕಿಗೆ ಹಾಕಿದೆ. ನೆಂಟರೆಲ್ಲ ಲೈಕ್ ಒತ್ತಿದರು, ಅಕ್ಕನೂ ಒತ್ತಿದಳು. ಹುಡುಗಿ ಎಂಟನೇ ಕ್ಲಾಸಿನಲ್ಲಿದ್ದಾಗ ಆ ಫೋಟೊ ಸಹಪಾಠಿಗಳ ಕೈಗೆ ಸಿಕ್ಕಿ ವಾಟ್ಸ್ಆ್ಯಪ್ ಸ್ಟಿಕರ್ ಆಯಿತು. ಎರಡು ದಿನ ಶಾಲೆಗೆ ಹೋಗಲಿಲ್ಲ. ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ಮಾಮ, ಹಾಕೋವಾಗ ನನ್ನ ಕೇಳಿದ್ಯಾ?”

ನಾನು ಸಂಶೋಧನೆ ಮಾಡುತ್ತಿರುವುದು ತತ್ವಶಾಸ್ತ್ರದಲ್ಲಿ. ‘ಸಮ್ಮತಿ’ ಎಂಬ ಪದದ ಮೇಲೆ ಎರಡು ಅಧ್ಯಾಯ ಬರೆದು ಮುಗಿಸಿದ್ದೇನೆ. ಅವಳಿಗೆ ಕೊಡಲು ಮಾತ್ರ ಉತ್ತರವಿರಲಿಲ್ಲ.

ನಾನು ಆ ಫೋಟೊ ಹಾಕಿದ ವರ್ಷವೇ, ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ, ಆರು ವರ್ಷ ತಡವಾಗಿ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.

ಈ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಬೇಕಾದರೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಪರಿಶೀಲಿಸುವಂತಿರಬೇಕು. ಅಮೆರಿಕದ 1998ರ ಕಾನೂನು ಈ ಗೆರೆಯನ್ನು 13ಕ್ಕೆ ಎಳೆದಿದೆ. ಯುರೋಪಿನಲ್ಲಿ 16, ದೇಶಗಳು ಬೇಕಿದ್ದರೆ 13ರವರೆಗೆ ಇಳಿಸಬಹುದು. ನಮ್ಮಲ್ಲಿ ಏಳರ ಮಗುವೂ ಹದಿನೇಳರ ಕಾಲೇಜು ಹುಡುಗಿಯೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆಯುವಾಗಲೇ ಮಕ್ಕಳನ್ನು ತನ್ನ ತತ್ವದಿಂದ ಹೊರಗಿಟ್ಟಿದ್ದ. ಹೊರಗಿಡುವುದು ನಮಗೆ ಹಳೆಯ ಅಭ್ಯಾಸ.

ನನ್ನನ್ನು ಕಾಡುವುದು ವಯಸ್ಸಿಗಿಂತ ಹೆಚ್ಚಾಗಿ ಆ ‘ಒಪ್ಪಿಗೆ’. ಅದು ಯಾರದು? ಕಾಯ್ದೆಯ ವ್ಯಾಖ್ಯಾನದಲ್ಲಿ ಮಾಹಿತಿಯ ಒಡೆತನದ ಜಾಗದಲ್ಲಿ ಮಗುವಿನ ಜತೆಗೆ ತಂದೆ ತಾಯಿಯೂ ಸೇರಿಕೊಳ್ಳುತ್ತಾರೆ. ಸ್ವಂತ ಇಲ್ಲವೇ ಮನೆಯ ಉದ್ದೇಶಕ್ಕೆ ವ್ಯಕ್ತಿಯೊಬ್ಬ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಅಂದರೆ, ನಾನು ಓದಿಕೊಂಡಂತೆ, ನಾನು ಮಾಡಿದ ಕೆಲಸ ಇದರ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯಿಂದ ಮಗುವನ್ನು ಕಾಯಲು ನಮ್ಮನ್ನು ನಿಲ್ಲಿಸಿದ್ದಾರೆ. ನಮ್ಮಿಂದ ಕಾಯಲು ಯಾರೂ ಇಲ್ಲ. ನಮ್ಮ ದೇಶದಲ್ಲಿ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಮನೆಯೊಳಗೂ ಮಗುವಿಗೆ ಅಪಾಯ ಇರಬಹುದು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನಲ್ಲ.

ಇನ್ನು ಆ ಪರಿಶೀಲನೆ. ತಾನು ಪೋಷಕ ಎನ್ನುವವರು ವಯಸ್ಕರು, ಗುರುತಿಸಬಹುದಾದವರು ಎಂದು ಕಂಪನಿ ಖಚಿತಪಡಿಸಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ನಿಜಕ್ಕೂ ತಾಯಿಯೋ ಅಲ್ಲವೋ ಎಂಬುದು ಬೇರೆ ಮಾತು. ಅಕ್ಕನ ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನು. ಹೆಸರಿಗೆ ಅಕ್ಕನದು, ಆದರೆ ಅದನ್ನು ನಡೆಸುವವಳು ಮಗಳು. ಗ್ಯಾಸ್ ಬುಕ್ ಮಾಡುವುದು, ಸಂಘದ ದುಡ್ಡು ಕಳಿಸುವುದು, ಓಟಿಪಿ ಓದಿ ಹೇಳುವುದು ಎಲ್ಲ ಅವಳೇ. ಇಂಥ ಮನೆಯಲ್ಲಿ ತಾಯಿಯ ಒಪ್ಪಿಗೆ ಎಂದರೆ ಮಗಳ ಬೆರಳು.

ಹಾಗಂತ ಕಾಯ್ದೆ ಪೂರ್ತಿ ದಂಡ ಎನ್ನಲಾರೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ನೋಡಬಾರದು, ಅವರನ್ನು ಗುರಿಯಾಗಿಟ್ಟು ಜಾಹೀರಾತು ತೋರಿಸಬಾರದು ಎಂಬ ಮಾತೂ ಅದರಲ್ಲಿದೆ. ಶಾಲೆ, ಆಸ್ಪತ್ರೆಗಳಂಥವಕ್ಕೆ ವಿನಾಯಿತಿ ಇದ್ದರೂ ನನಗೆ ಹಿಡಿಸಿದ್ದು ಈ ಭಾಗವೇ. ಇಲ್ಲಿ ಯಾರನ್ನೂ ಒಪ್ಪಿಗೆ ಕೇಳುವುದಿಲ್ಲ, ಮಾಡಬೇಡ ಎಂದು ಕಂಪನಿಗೇ ಹೇಳುತ್ತದೆ. ಒಪ್ಪಿಗೆ ಕೇಳಿದ ಕ್ಷಣ ಹೊಣೆ ಕಂಪನಿಯ ಹೆಗಲಿನಿಂದ ಇಳಿದು ಅಕ್ಕನ ಹೆಗಲೇರುತ್ತದೆ. ಮುಂದೆ ಏನಾದರೂ ಆದರೆ, ‘ನೀವೇ ಒತ್ತಿದ್ದೀರಲ್ಲ’.

ಫೋಟೊ ಅಳಿಸಿದೆ. ಸ್ಟಿಕರ್ ಇನ್ನೂ ಯಾರ್‍ಯಾರ ಫೋನಿನಲ್ಲೋ ಇದೆ.

ಹೋದ ತಿಂಗಳು ಅವಳದೇ ಫೋನು. ಗಣಿತದ ಪಾಠದ ಆ್ಯಪ್ ಒಂದು ಪೋಷಕರ ನಂಬರ್ ಕೇಳುತ್ತಿದೆಯಂತೆ, ನನ್ನದು ಕೊಟ್ಟಿದ್ದಾಳೆ. ಓಟಿಪಿ ಬಂತು. ಈ ಸಲ ಕೇಳದೆ ಏನೂ ಮಾಡಬಾರದೆಂದು, ಇಂಗ್ಲಿಷಿನಲ್ಲಿದ್ದ ಷರತ್ತುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅವಳಿರುವ ಜಾಗ, ಫೋನಿನಲ್ಲಿರುವ ನಂಬರುಗಳು, ಯಾವ ಪಾಠವನ್ನು ಎಷ್ಟು ಹೊತ್ತು ನೋಡಿದಳು ಎಂಬುದು, ಎಲ್ಲ ಅವರಿಗೆ ಬೇಕು. ಸುಮ್ಮನೆ ಕೇಳಿಸಿಕೊಂಡಳು.

“ಬೇಡ ಅಂದ್ರೆ ಪಾಠ ಬರಲ್ವಾ ಮಾಮ?”

“ಬರಲ್ಲ ಅನ್ಸುತ್ತೆ.”

“ಮತ್ತೆ ಕೇಳೋದ್ಯಾಕೆ?”

ಮರುದಿನ ಅವಳಿಗೆ ಟೆಸ್ಟ್ ಇತ್ತು. ಓಟಿಪಿ ಹೇಳಿದೆ.