ಸೂತಕಕ್ಕೆ ಶರೀರಶಾಸ್ತ್ರದ ಉತ್ತರ

ನರ್ಸಿಂಗ್ ಓದಲು ಸೇರಿದವರಿಗೆ ಮೊದಲ ವರ್ಷವೇ ಎದುರಾಗುವ ವಿಷಯಗಳು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಮೂಳೆ, ನರಗಳ ಹೆಸರನ್ನು ಉರುಹೊಡೆದು ಪರೀಕ್ಷೆ ದಾಟಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ನಮ್ಮ ಸಮಾಜದ ಬಹಳ ಹಳೆಯದೊಂದು ಧಾರ್ಮಿಕ ಪ್ರಶ್ನೆಗೆ ಈ ಮೂರು ಪಾಠಗಳಲ್ಲಿ ಉತ್ತರವಿದೆ: ಮನುಷ್ಯನ ಮೈಯಲ್ಲಿ ಮೈಲಿಗೆ ಎಂಬುದು ನಿಜಕ್ಕೂ ಇದೆಯೇ? ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ತಳ್ಳಿಹಾಕಿದರು. ಅವರಿಗೆ ಆಧಾರವಾಗಿದ್ದುದು ಭಕ್ತಿ ಮತ್ತು ಅನುಭಾವ. ಆ ಭಕ್ತಿ ಇಲ್ಲದವನೂ ಒಪ್ಪಬಹುದಾದ ಇನ್ನೊಂದು ಆಧಾರವನ್ನು ಶರೀರಶಾಸ್ತ್ರ ಒದಗಿಸುತ್ತದೆ. ಈ ಐದೂ ನರ್ಸಿನ ನಿತ್ಯದ ಕೆಲಸದಲ್ಲೇ ಬರುತ್ತವೆ: ಹೆರಿಗೆ, ಸಾವು, ರಕ್ತ, ಉಗುಳು, ಜಾತಿ ಕೇಳದೆ ಮುಟ್ಟಬೇಕಾದ ಮೈ.

ಕೆಲವು ದ್ರವಗಳು, ಕೆಲವು ಸ್ಥಿತಿಗಳು ಸ್ವಭಾವದಿಂದಲೇ ಅಶುದ್ಧ ಎಂಬುದು ಸೂತಕದ ಹಿಂದಿರುವ ನಂಬಿಕೆ. ಫಿಸಿಯಾಲಜಿಯಲ್ಲಿ ಅಂಥ ಗೆರೆ ಸಿಗುವುದಿಲ್ಲ. ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಒಂದೂವರೆ ಲೀಟರ್ ಆಸುಪಾಸು ಮೂತ್ರವಾಗಿ ಹೊರಬಿದ್ದು, ಉಳಿದದ್ದು ರಕ್ತಕ್ಕೇ ಮರಳುತ್ತದೆ. ಮೂತ್ರದಲ್ಲಿರುವ ಯೂರಿಯಾ ಯಕೃತ್ತಿನಲ್ಲಿ ಹುಟ್ಟಿ, ರಕ್ತದೊಡನೆ ಮೈಯೆಲ್ಲ ಸುತ್ತಿ ಬಂದದ್ದು. ಮಡಿಯುಟ್ಟು ಪೂಜೆಗೆ ಕೂತವನ ಹೃದಯದಲ್ಲೂ ಅದು ಹರಿಯುತ್ತಲೇ ಇರುತ್ತದೆ. ಮುಟ್ಟಿನ ಲೆಕ್ಕವೂ ಹೀಗೆಯೇ. ಗರ್ಭ ನಿಲ್ಲದಿದ್ದಾಗ ಪ್ರೊಜೆಸ್ಟರಾನ್ ಮಟ್ಟ ಇಳಿದು, ಗರ್ಭಕೋಶದ ಒಳಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಗರ್ಭ ನಿಂತಿದ್ದರೆ ಭ್ರೂಣ ಬೇರೂರುತ್ತಿದ್ದುದು ಆ ಪದರದಲ್ಲೇ. ಹೀಗಿದ್ದೂ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆಯ ಗುಡಿಸಲಿಗೆ ಕಳಿಸುವ ಪದ್ಧತಿ ನಮ್ಮ ಕಾಲದವರೆಗೂ ಉಳಿದುಬಂದಿದೆ. ಇನ್ನು ಜಾತಿ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಗುರುತಿಸಿದ ರಕ್ತದ ಗುಂಪುಗಳು ಜಾತಿಯ ಗಡಿಯನ್ನು ಲೆಕ್ಕಿಸುವುದಿಲ್ಲ. ಒಡಹುಟ್ಟಿದವನ ರಕ್ತ ಒಗ್ಗದ ರೋಗಿಗೆ, ಅವನ ಮನೆಯವರು ಹೊಸಿಲು ದಾಟಲು ಬಿಡದವನ ರಕ್ತ ಒಗ್ಗಬಹುದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಆಸ್ಪತ್ರೆಯಲ್ಲೂ ಕೈ ತೊಳೆಯುತ್ತಾರೆ, ಗ್ಲೌಸ್ ಹಾಕುತ್ತಾರೆ, ಆಪರೇಷನ್ ಥಿಯೇಟರಿಗೆ ಯಾರನ್ನೆಂದರೆ ಅವರನ್ನು ಬಿಡುವುದಿಲ್ಲ; ಅದೂ ಮಡಿಯೇ ಅಲ್ಲವೇ? ಹಿರಿಯರು ಸೂಕ್ಷ್ಮಜೀವಿಗಳ ವಿಷಯವನ್ನು ಮೊದಲೇ ಅರಿತಿದ್ದರು ಎನ್ನುವವರೂ ಇದ್ದಾರೆ. ಇದನ್ನು ಪರೀಕ್ಷಿಸಲು 1847ರ ವಿಯೆನ್ನಾಕ್ಕೆ ಹೋಗಬೇಕು. ಅಲ್ಲಿನ ಆಸ್ಪತ್ರೆಯಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ಹೆರಿಗೆ ವಿಭಾಗದಲ್ಲಿ ಬಾಣಂತಿಯರು ಜ್ವರದಿಂದ ಸಾಯುವುದು ಹೆಚ್ಚಿತ್ತು. ಸೂಲಗಿತ್ತಿಯರ ವಿಭಾಗದಲ್ಲಿ ಕಡಿಮೆ ಇತ್ತು. ವೈದ್ಯರು ಶವ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದಾರೆಂದು ಕಂಡುಕೊಂಡ ಇಗ್ನಾಸ್ ಸೆಮ್ಮಲ್‌ವೈಸ್, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ, ಸಾವು ಇಳಿಯಿತು. ಶವ ಮುಟ್ಟಿದ ಕೈಯಿಂದ ಕೇಡಾಯಿತು ಎಂಬಷ್ಟು ಮಾತ್ರ ಸೂತಕದ ಲೆಕ್ಕಕ್ಕೆ ಹೊಂದುತ್ತದೆ. ಮಿಕ್ಕದ್ದೆಲ್ಲ ತಿರುಗುಮುರುಗು. ಕೇಡು ತಂದವರು ಮಾನ್ಯ ವೈದ್ಯರು. ನಮ್ಮಲ್ಲಿ ಹೆರಿಗೆ ಮಾಡಿಸಿ ಮೈಲಿಗೆಯವಳೆನಿಸಿಕೊಂಡವಳು ಸೂಲಗಿತ್ತಿ. ಅಲ್ಲಿ ಅವಳ ಕೈಯೇ ಹೆಚ್ಚು ಸುರಕ್ಷಿತವಾಗಿತ್ತು. ದೋಷ ಹುಟ್ಟಿನಲ್ಲಿರಲಿಲ್ಲ, ತೊಳೆದರೆ ಹೋಗುವಂಥದ್ದಾಗಿತ್ತು. ಇಂದಿನ ನರ್ಸಿಂಗ್ ನಿಯಮವೂ ಯಾರ ರಕ್ತವೇ ಆಗಲಿ ಒಂದೇ ಎಚ್ಚರಿಕೆ ಇರಲಿ ಎನ್ನುತ್ತದೆ. ಮಡಿ ಯಾರು ಎಂದು ಕೇಳುತ್ತದೆ. ಆಸ್ಪತ್ರೆ ಏನನ್ನು ಮುಟ್ಟಿದೆ, ಕೈ ತೊಳೆದೆಯಾ ಎಂದು ಕೇಳುತ್ತದೆ.

ಮಡಿ ಎಂಬುದು ಮನಸ್ಸಿನ ಶಿಸ್ತು, ಅದನ್ನು ಪ್ರಯೋಗಾಲಯದಲ್ಲಿ ಅಳೆಯಬಾರದು ಎಂದು ಶ್ರದ್ಧಾವಂತರು ಹೇಳಬಹುದು. ತನ್ನ ಮಟ್ಟಿಗೆ ಒಬ್ಬರು ಇಟ್ಟುಕೊಂಡ ವ್ರತದ ಬಗ್ಗೆ ವಿಜ್ಞಾನಕ್ಕೆ ತಕರಾರಿಲ್ಲ. ಅದೇ ವ್ರತ ಇನ್ನೊಬ್ಬರ ಮೈಯನ್ನು ಅಶುದ್ಧವೆಂದು ಕರೆದಾಗ, ಅದು ಮೈಯ ಕುರಿತ ಹೇಳಿಕೆಯಾಗುತ್ತದೆ. ಆಗ ಪುರಾವೆ ಕೇಳುವ ಹಕ್ಕು ಎಲ್ಲರಿಗೂ ಇದೆ. ನಮ್ಮ ಪರಂಪರೆಯೂ ಈ ವಿಷಯದಲ್ಲಿ ಒಂದೇ ದನಿಯದಲ್ಲ. ಧರ್ಮಶಾಸ್ತ್ರಗಳು ಶವ ಮುಟ್ಟಿದವನಿಗೆ ಸ್ನಾನ ವಿಧಿಸಿದವು. ಸುಶ್ರುತ ಸಂಹಿತೆ ಶವವನ್ನು ಏಳು ರಾತ್ರಿ ಹರಿಯುವ ನೀರಿನಲ್ಲಿಟ್ಟು, ಪದರ ಪದರವಾಗಿ ಬಿಡಿಸಿ ಕಣ್ಣಾರೆ ನೋಡಬೇಕೆಂದಿತು. 1836ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಶವಚ್ಛೇದನ ಮಾಡಿದ ಮಧುಸೂದನ ಗುಪ್ತ ಆಯುರ್ವೇದ ಕಲಿತ ಸಂಸ್ಕೃತ ಪಂಡಿತರೇ.

ಕೊನೆಯದು ತತ್ತ್ವದ ಆಕ್ಷೇಪ. ಎಲ್ಲರ ಮೈಯೂ ಒಂದೇ ರಸಾಯನವೆಂದು ತಿಳಿದ ಮಾತ್ರಕ್ಕೆ ಎಲ್ಲರನ್ನೂ ಸಮಾನವಾಗಿ ಕಾಣುತ್ತೇವೆಯೇ? ಇಲ್ಲ. ಬಯೋಕೆಮಿಸ್ಟ್ರಿಯಲ್ಲಿ ಹೆಚ್ಚು ಅಂಕ ಪಡೆದವರೂ ಮನೆಯಲ್ಲಿ ಮುಟ್ಟಿನ ಮೂಲೆಯನ್ನು ಉಳಿಸಿಕೊಂಡಿರಬಹುದು. ಕರುಣೆ ಪಠ್ಯದಿಂದ ಹುಟ್ಟುವುದಿಲ್ಲ, ಅದು ಬೇರೆ ಕಡೆಯಿಂದ ಬರಬೇಕು. ಆದರೆ ಕರುಣೆ ಬಾರದಂತೆ ತಡೆಯುವ ಸುಳ್ಳನ್ನು ಪಠ್ಯ ಕಿತ್ತುಹಾಕಬಲ್ಲದು, ಮತ್ತು ಅದು ಸಣ್ಣ ಕೆಲಸವಲ್ಲ. ಹಾಗಾಗಿ ಕಲಿಸುವವರು ಕಿಡ್ನಿಯ ಚಿತ್ರ ಬರೆಸಿ ಸುಮ್ಮನಾಗಬಾರದು. ಆ ಪಾಠ ಸೂತಕದ ಬಗ್ಗೆ ಏನು ಹೇಳುತ್ತದೆಂಬುದನ್ನೂ ತರಗತಿಯಲ್ಲಿ ಚರ್ಚಿಸಬೇಕು. ಮಗಳನ್ನು ನರ್ಸಿಂಗಿಗೆ ಕಳಿಸಿದ ಮನೆಗಳು, ಅವಳು ಓದಿ ತಂದದ್ದನ್ನು ಮೊದಲು ತಮ್ಮ ಮನೆಯ ಪದ್ಧತಿಗಳಿಗೇ ಅನ್ವಯಿಸಿ ನೋಡಲಿ.