ಹೊರೆ ಮತ್ತು ಹೊಣೆ

ಮನೆಯನ್ನು ಬಿಟ್ಟು ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರಬೇಕೆಂಬ ಆಸೆ ಎಷ್ಟು ಸಹಜವೋ, ಹೋದ ಕಡೆಗೆ ಮನೆಯ ಅನುಕೂಲಗಳೆಲ್ಲ ಬೆನ್ನಹಿಂದೆ ಬರಬೇಕೆಂಬ ಆಸೆಯೂ ಅಷ್ಟೇ ಸಹಜ. ನಮ್ಮ ಹಿರಿಯರು ಹಾಸಿಗೆಯ ಸುರುಳಿ, ನೀರಿನ ಕೂಜ, ಉಪ್ಪಿನಕಾಯಿಯ ಭರಣಿಗಳೊಡನೆ ತೀರ್ಥಯಾತ್ರೆಗೆ ಹೊರಡುತ್ತಿದ್ದುದು ಈ ಎರಡು ಆಸೆಗಳ ನಡುವಣ ರಾಜಿಯೇ ಸರಿ. ಅಮೆರಿಕದ ಜನ ಈ ರಾಜಿಯನ್ನು ಅದರ ಪರಮಾವಧಿಗೆ ಒಯ್ದಿದ್ದಾರೆ. ಅವರು ಮನೆಯನ್ನೇ ಗಾಲಿಗಳ ಮೇಲೆ ನಿಲ್ಲಿಸಿ, ಕಾರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ಟ್ರೇಲರ್ ಎಂದು ಅದರ ಹೆಸರು. ಮಂಚ, ಒಲೆ, ಸ್ನಾನದ ಕೋಣೆ ಎಲ್ಲವೂ ಅದರೊಳಗುಂಟು. ಬಯಲುದಾರಿಯಲ್ಲಿ ಅದು ಸಾಧುವಾದ ಹಸುವಿನಂತೆ ಹಿಂಬಾಲಿಸುತ್ತದೆ. ಬೆಟ್ಟದ ದಾರಿ ಎದುರಾದಾಗ ಮಾತ್ರ ಒಂದು ಪ್ರಶ್ನೆ ಏಳುತ್ತದೆ. ಮೇಲ್ನೋಟಕ್ಕೆ ಅದು ವಾಹನಕ್ಕೆ ಸಂಬಂಧಿಸಿದ್ದು. ಸ್ವಲ್ಪ ಕೆದಕಿ ನೋಡಿದರೆ ಧರ್ಮಕ್ಕೆ ಸಂಬಂಧಿಸಿದ್ದು.

ಮಾಂಟಾನಾ ರಾಜ್ಯದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ರಾಕಿ ಪರ್ವತಶ್ರೇಣಿಯನ್ನು ಅಡ್ಡಹಾಯುವ ರಸ್ತೆಯೊಂದಿದೆ. ಅದನ್ನು 'ಗೋಯಿಂಗ್ ಟು ದ ಸನ್', ಅಂದರೆ ಸೂರ್ಯನ ಬಳಿಗೆ ಹೋಗುವ ದಾರಿ, ಎಂದು ಕರೆಯುತ್ತಾರೆ. 1933ರಲ್ಲಿ ವಿಧ್ಯುಕ್ತವಾಗಿ ಆರಂಭವಾದ ಈ ದಾರಿಯ ಉದ್ದ ಸುಮಾರು 50 ಮೈಲಿ. ಬಂಡೆಯ ಎದೆಯನ್ನು ಕಡಿದುಕೊಂಡು ಅದು 6,646 ಅಡಿ ಎತ್ತರದ ಲೋಗನ್ ಪಾಸ್ ಎಂಬ ಕಣಿವೆಗೆ ಏರುತ್ತದೆ. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಮೋಟುಗೋಡೆ, ಅದರಾಚೆಗೆ ಪ್ರಪಾತ. ಈ ದಾರಿಯ ನಡುಭಾಗಕ್ಕೆ ಒಂದು ನಿಯಮವುಂಟು: 21 ಅಡಿಗಿಂತ ಉದ್ದವಾದ, ಪಕ್ಕದ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲವಾದ ವಾಹನಕ್ಕೆ ಅಲ್ಲಿ ಪ್ರವೇಶವಿಲ್ಲ. ಎಳೆಯುವ ಗಾಡಿಯೇ 18-20 ಅಡಿ. ದೊಡ್ಡ ಟ್ರೇಲರ್ ಎಂದರೆ ಇನ್ನೊಂದು 30 ಅಡಿ. ಲೆಕ್ಕ ಸ್ಪಷ್ಟವಾಗಿದೆ. ಒಡೆಯನ ಸಿರಿವಂತಿಕೆಯಾಗಲಿ ಚಾಲಕನ ಜಾಣ್ಮೆಯಾಗಲಿ ಈ ಲೆಕ್ಕವನ್ನು ಬದಲಿಸಲಾರದು.

ಆದ್ದರಿಂದ ಇಂಥ ಪ್ರಯಾಣದ ಯೋಜನೆ ಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡೇ ಆಗಬೇಕು. ಆಗುಂಬೆಯ ತಿರುವುಗಳನ್ನು ಕಂಡ ನಮಗೆ ಇದರ ಕಾರಣ ಊಹಿಸುವುದು ಕಷ್ಟವಲ್ಲ. ತಿರುವಿನಲ್ಲಿ ಸಿಕ್ಕಿಕೊಂಡ ಟ್ರೇಲರನ್ನು ಹಿಂದಕ್ಕೆ ಸರಿಸುವುದು ಬಲ್ಲವರಿಗೂ ಬೆವರಿಳಿಸುವ ಕೆಲಸ. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿಕೊಂಡರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಳಿಯತೊಡಗುವ ಮೊದಲೇ ಕೆಳಗಿನ ಗೇರಿಗೆ ಬಂದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯನ್ನು ಎಲ್ಲಿ ಬಿಚ್ಚಿ ನಿಲ್ಲಿಸಬೇಕೆಂಬುದನ್ನು ಹೊರಡುವ ಮುಂಚೆಯೇ ತಿಳಿದಿರಬೇಕು.

ಇಷ್ಟಾದ ಮೇಲೆ ವೈರಾಗ್ಯದ ಪಾಠ ಹೇಳುವುದು ಸುಲಭ. ಎತ್ತರವನ್ನು ಕಾಣಬೇಕಾದರೆ ಹೊರೆಯನ್ನು ಕೆಳಗೆ ಬಿಡು ಎಂದು ಯಾರೂ ಹೇಳಬಹುದು. ಮಹಾಪ್ರಸ್ಥಾನದ ಕಥೆಯಲ್ಲಿಯೂ ಇದು ಬರುತ್ತದೆ. ರಾಜ್ಯವನ್ನೆಲ್ಲ ಬಿಟ್ಟು ಹೊರಟ ಅರ್ಜುನ ಗಾಂಡೀವವನ್ನು ಮಾತ್ರ ಬಿಟ್ಟಿರಲಿಲ್ಲ. ಅಗ್ನಿಯೇ ಎದುರು ನಿಂತು ಕೇಳಬೇಕಾಯಿತು. ಆಮೇಲೆ ಅವನು ಅದನ್ನು ನೀರಿಗೆ ಹಾಕಿದ. 1954ರಲ್ಲಿ ಬಂದ 'ದಿ ಲಾಂಗ್, ಲಾಂಗ್ ಟ್ರೇಲರ್' ಎಂಬ ಹಾಲಿವುಡ್ ಚಿತ್ರದಲ್ಲಿ ಇದೇ ತತ್ತ್ವ ನಗೆಯ ವೇಷ ತೊಟ್ಟಿದೆ. ಹೊಸದಾಗಿ ಮದುವೆಯಾದ ಹೆಂಡತಿ ಹೋದಲ್ಲೆಲ್ಲ ಚೆಂದದ ಕಲ್ಲುಗಳನ್ನು ಆರಿಸಿ ತುಂಬಿಕೊಳ್ಳುತ್ತಾಳೆ. ಬೆಟ್ಟ ಏರುವ ಮುಂಚೆ ಎಸೆದುಬಿಡು ಎಂದು ಗಂಡ ಹೇಳಿದರೆ ಅಡಗಿಸಿಡುತ್ತಾಳೆ. ಏರಿನಲ್ಲಿ ಅವು ಉರುಳಾಡಿ ಮನೆಯನ್ನೆಲ್ಲ ಪುಡಿಮಾಡುತ್ತವೆ. ಕಲ್ಲು ಬೇಕಿರಲಿಲ್ಲ ಎಂದು ನೋಡುವವರೆಲ್ಲರೂ ಒಪ್ಪುತ್ತಾರೆ.

ಆದರೆ ಗಾಡಿಯಲ್ಲಿರುವುದೆಲ್ಲ ಕಲ್ಲೇ ಆಗಿರುವುದಿಲ್ಲ. ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಎಪ್ಪತ್ತೈದು ದಾಟಿದ ತಂದೆ. ಗಳಿಗೆಗೊಮ್ಮೆ ಮಲಗಬೇಕು, ಹೊತ್ತಿಗೆ ಸರಿಯಾಗಿ ಔಷಧಿಯಾಗಬೇಕು. ಅವರ ಮಂಚ ಇರುವುದು ಆ ಟ್ರೇಲರಿನಲ್ಲಿ. ಎತ್ತರದ ದಾರಿಯ ಸುತ್ತಾಟ ಅವರ ದೇಹಕ್ಕೆ ಆಗದು. 'ಹೊರೆಯನ್ನು ಬಿಡು' ಎಂಬ ಉಪದೇಶ ಇಲ್ಲಿ ಯಾರನ್ನು ಬಿಡು ಎನ್ನುತ್ತದೆ? ಹೊರೆ ಎಂಬ ಮಾತಿಗೂ ಹೊಣೆ ಎಂಬ ಮಾತಿಗೂ ನಮ್ಮ ಭಾಷೆಯಲ್ಲಿ ಒಂದೇ ಅಕ್ಷರದ ಅಂತರ. ಬದುಕಿನಲ್ಲಿ ಆ ಅಂತರವನ್ನು ಕಾಣದೆ ಹೋಗುವವರು ಬಹಳ. ಅದೇ ಮಹಾಪ್ರಸ್ಥಾನದಲ್ಲಿ ಧರ್ಮರಾಯ, ಇಂದ್ರನ ರಥವೇ ಎದುರು ಬಂದು ನಿಂತಾಗ, ನಂಬಿ ಬಂದ ನಾಯಿಯನ್ನು ಬಿಟ್ಟು ರಥ ಏರಲಾರೆನೆಂದ. ಬಿಲ್ಲನ್ನು ಬಿಡಬೇಕು, ನಾಯಿಯನ್ನು ಬಿಡಬಾರದು. ಒಂದು ನಮಗೆ ಅಂಟಿಕೊಂಡ ವಸ್ತು. ಇನ್ನೊಂದು ನಮ್ಮನ್ನು ನಂಬಿದ ಜೀವ.

ಹಾಗಾದರೆ ಬೆಟ್ಟವನ್ನು ನೋಡುವುದೇ ಬೇಡವೆ? ನಕ್ಷೆಯಲ್ಲಿ ಇನ್ನೊಂದು ದಾರಿಯಿದೆ. ಉದ್ಯಾನದ ದಕ್ಷಿಣದ ಅಂಚಿನಲ್ಲಿ 2ನೆಯ ನಂಬರಿನ ಹೆದ್ದಾರಿ ಮರಾಯಸ್ ಪಾಸ್ ಎಂಬ ತಗ್ಗಾದ ಕಣಿವೆಯಲ್ಲಿ ಪರ್ವತವನ್ನು ದಾಟುತ್ತದೆ. ಟ್ರೇಲರಿಗೆ ಆ ದಾರಿ ಒಗ್ಗುತ್ತದೆ. ಕಾರು ಎರಡಿದ್ದರೆ, ಒಬ್ಬರು ಮನೆಯನ್ನೂ ಮುದುಕರನ್ನೂ ಕರೆದುಕೊಂಡು ಸುತ್ತಿ ಹೋಗಬಹುದು. ಉಳಿದವರು ಚಿಕ್ಕ ಕಾರಿನಲ್ಲಿ ಮೇಲಿನ ದಾರಿಯಿಂದ ಹೋಗಿ, ಪೂರ್ವದ ತಪ್ಪಲಿನ ಸೇಂಟ್ ಮೇರಿಯಲ್ಲಿ ಕೂಡಿಕೊಳ್ಳಬಹುದು. ಏರ್ಪಾಡು ಚೆನ್ನಾಗಿದೆ. ಆದರೆ ಸುತ್ತಿ ಹೋಗುವ ಆ ಒಬ್ಬರು ಯಾರು? ನಿಜವಾದ ಪ್ರಶ್ನೆ ಇರುವುದು ಇಲ್ಲಿ.

ಈ ಪ್ರಶ್ನೆಗೆ ಮಾಂಟಾನಾವರೆಗೆ ಹೋಗಬೇಕಾಗಿಲ್ಲ. ನಮ್ಮ ಪ್ರತಿ ಸಂಸಾರದಲ್ಲಿಯೂ ಸುತ್ತುದಾರಿಯವರು ಒಬ್ಬರಿದ್ದಾರೆ. ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದ ಕೈ ಹಿಡಿದು ಮುಹೂರ್ತವನ್ನೇ ಕಾಣದವರು. ಮನೆಮಂದಿಯೆಲ್ಲ ಜಾತ್ರೆಗೆ ಹೋದಾಗ ಹಾಸಿಗೆ ಹಿಡಿದ ಅತ್ತೆಯ ಪಕ್ಕದಲ್ಲಿ ಕೂತವರು. ತಮ್ಮಂದಿರು ಓದಲೆಂದು ತಾನು ಓದು ಬಿಟ್ಟ ಅಣ್ಣ. 'ಅವಳಿಗೆ ಇಂಥದ್ದರಲ್ಲೆಲ್ಲ ಆಸೆಯಿಲ್ಲ' ಎಂದು ನಾವು ಹೇಳಿಕೊಳ್ಳುತ್ತೇವೆ. ಆಸೆಯಿದೆಯೇ ಎಂದು ಕೇಳಿದವರಾರು? ಒಮ್ಮೆ ಸುತ್ತಿ ಹೋದವರನ್ನೇ ಮರುಸಲವೂ ಸುತ್ತಿ ಹೋಗಲು ಹೇಳುವುದು ಅಭ್ಯಾಸವಾಗುತ್ತದೆ. ಅಭ್ಯಾಸವು ಕಡೆಗೆ ಅವರ ಸ್ವಭಾವವೆಂಬ ಹೆಸರು ಪಡೆಯುತ್ತದೆ. ತ್ಯಾಗ ದೊಡ್ಡ ಗುಣ, ನಿಜ. ಆದರೆ ಇನ್ನೊಬ್ಬರ ತ್ಯಾಗವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನಮ್ಮ ಸುಖದ ಯೋಜನೆ ಹಾಕುವುದು ಗುಣವಲ್ಲ.

ಕ್ಯಾಲಿಫೋರ್ನಿಯಾದ ಸಂಚಾರ ಕಾನೂನಿನಲ್ಲಿ ಒಂದು ವಿಧಿಯಿದೆ. ಎದುರುಬದುರು ಒಂದೊಂದೇ ಸಾಲಿರುವ, ಮುಂದೆ ಹಾಯುವುದು ಅಪಾಯವಾದ ದಾರಿಯಲ್ಲಿ ನಿಧಾನವಾಗಿ ಹೋಗುವವನ ಹಿಂದೆ ಐದು ಗಾಡಿಗಳು ಕೂಡಿಕೊಂಡರೆ, ಅವನು ತಕ್ಕ ಎಡೆ ಸಿಕ್ಕಿದ ಕೂಡಲೇ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡಬೇಕು. ನಿಧಾನ ತಪ್ಪೆಂದು ಕಾನೂನು ಹೇಳುವುದಿಲ್ಲ; ಹೊರೆಯಿರುವವನು ನಿಧಾನವಾಗಿಯೇ ಹೋಗಬೇಕು. ಹಿಂದಿರುವವರನ್ನು ಕನ್ನಡಿಯಲ್ಲಿ ನೋಡುತ್ತಿರು ಎನ್ನುತ್ತದೆ, ಅಷ್ಟೆ. ಮನೆಯೊಳಗೆ ಇಂಥ ಕಾನೂನಿಲ್ಲ, ಎಣಿಸುವ ಪೊಲೀಸಿನವನೂ ಇಲ್ಲ. ಅಲ್ಲಿ ಕನ್ನಡಿಯನ್ನು ನಾವೇ ನೋಡಿಕೊಳ್ಳಬೇಕು.

ಆದ್ದರಿಂದ ನಕ್ಷೆ ಹರಡಿಕೊಂಡು ಕುಳಿತ ಆ ಸಂಜೆ, ಅಡಿ ಮೈಲಿಗಳ ಲೆಕ್ಕವೆಲ್ಲ ಮುಗಿದ ಮೇಲೆ ಇನ್ನೊಂದು ಮಾತು ಇತ್ಯರ್ಥವಾಗಬೇಕು. ಹೋಗುವಾಗ ಮುದುಕರೊಡನೆ ಸುತ್ತಿ ಹೋಗುವವರು ಯಾರು, ಬರುವಾಗ ಯಾರು? ಈ ಎರಡು ಹೆಸರುಗಳೂ ಬೇರೆಬೇರೆಯಾಗಿದ್ದರೆ ಆ ಸಂಸಾರ ಬೆಟ್ಟವನ್ನು ಧಾರಾಳವಾಗಿ ಏರಬಹುದು.