ಅಂಕವೆಂಬ ಹೊಗೆ, ಅರಿವೆಂಬ ಬೆಂಕಿ

ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೂ 20 ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾಗಿದ್ದು, ಹೀಗೆ ಬರುವ ಅಂಕ ಮಗುವಿನ ಅರಿವನ್ನು ನಿಜವಾಗಿ ತೋರಿಸುತ್ತದೆಯೇ ಎಂಬುದು ಮೂಲತಃ ಪ್ರಮಾಣಶಾಸ್ತ್ರದ, ಅಂದರೆ ತಿಳಿವಿನ ಸಾಧನಗಳನ್ನು ವಿಚಾರಿಸುವ ಶಾಸ್ತ್ರದ, ಪ್ರಶ್ನೆಯಾಗಿದೆ. ಅರಿವು ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ, ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ನಿರ್ಣಯಿಸುವಂತೆ, ಶಿಕ್ಷಕರು ಉತ್ತರಪತ್ರಿಕೆಯಿಂದ ಅರಿವನ್ನು ಅನುಮಾನದ ಮೂಲಕ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ತಿಳಿಯುತ್ತಾರೆ. ಈ ಅನುಮಾನ ನಿಲ್ಲುವುದು ವ್ಯಾಪ್ತಿಯ ಮೇಲೆ, ಎಂದರೆ ಹೇತು (ಹೊಗೆಯಂಥ ಗುರುತು) ಇದ್ದಲ್ಲೆಲ್ಲ ಸಾಧ್ಯವೂ (ಬೆಂಕಿಯಂತೆ ಸಾಧಿಸಬೇಕಾದದ್ದು) ಇದ್ದೇ ಇರುತ್ತದೆಂಬ ತಪ್ಪದ ಸಂಬಂಧದ ಮೇಲೆ. ಮುಖ್ಯೋಪಾಧ್ಯಾಯರಿಗೆ ಬರೆಯುವ ರಜೆ ಅರ್ಜಿಯನ್ನು ಅಲ್ಪವಿರಾಮವೂ ತಪ್ಪದಂತೆ ಬಾಯಿಪಾಠ ಮಾಡಿ ಬರೆದ ಹುಡುಗಿ, ಜ್ವರದ ಬದಲು ಅಕ್ಕನ ಮದುವೆಯ ಕಾರಣ ಕೊಟ್ಟು ಬರೆಯಲು ಹೇಳಿದೊಡನೆ ಪೆನ್ನು ಕೆಳಗಿಟ್ಟರೆ, ಅಲ್ಲಿ ಹೇತು ಸವ್ಯಭಿಚಾರವಾಗುತ್ತದೆ, ಅಂದರೆ ಸಾಧ್ಯವಿಲ್ಲದ ಕಡೆಯಲ್ಲೂ ಕಾಣಿಸಿಕೊಳ್ಳುತ್ತದೆ. ದೋಷವನ್ನು ಆಕೆಯ ಮೇಲೆ ಹೊರಿಸುವುದು ಅನ್ಯಾಯ, ಏಕೆಂದರೆ ಕಂಠಪಾಠವನ್ನು ನಿರೀಕ್ಷಿಸಿದ್ದೇ ಪ್ರಶ್ನೆಪತ್ರಿಕೆ. ನಿರೀಕ್ಷೆ ಪ್ರಶ್ನೆಪತ್ರಿಕೆಯದಷ್ಟೇ ಅಲ್ಲ; ಶಿಕ್ಷಕರ ನಿರೀಕ್ಷೆಯೇ ಮಕ್ಕಳ ಸಾಧನೆಯನ್ನು ಬದಲಿಸಬಲ್ಲದೆಂದು ಸಂಶೋಧಕರಾದ ರಾಬರ್ಟ್ ರೊಸೆಂತಾಲ್ ಮತ್ತು ಲೆನೊರ್ ಜೇಕಬ್ಸನ್ 1968ರಲ್ಲಿ ವಾದಿಸಿದರು. ಅವರ ವಿಧಾನ ಬಹಳ ಚರ್ಚೆಗೊಳಗಾಯಿತಾದರೂ, ಆ ಮಾತು ಸ್ವಲ್ಪಮಟ್ಟಿಗೆ ನಿಜವಾದರೂ ಸಾಕು, ತರಗತಿಯಲ್ಲಿ ಬೆಂಕಿಯನ್ನು ಹುಡುಕುವವರೇ ಅದಕ್ಕೆ ಗಾಳಿ ಹಾಕುವವರೂ ಆಗಿರುತ್ತಾರೆ, ಮತ್ತು ಬೆಟ್ಟದ ದೃಷ್ಟಾಂತದಲ್ಲಿ ಇಂಥ ನೋಡುಗನಿಗೆ ಸ್ಥಾನವೇ ಇಲ್ಲ.